ಮೌನೇಶಪ್ಪನ ಬಲಗೈ

ಈಚೆಗೆ ಚಿತ್ರಕಲಾ ಶಿಕ್ಷಕರಾಗಿ ಸೇರಿಕೊಂಡ ಇಬ್ಬರು ತರುಣರು ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು, ಅದು ಇದು ಮಾತಾಡಿ, ಹೊರಡುವ ಹೊತ್ತಿಗೆ ಅವರಲ್ಲೊಬ್ಬ ಚಪ್ಪಲಿ ಮೆಟ್ಟುತ್ತ ಕೇಳಿದ: "ಸರ್, ಖರೇ ಹೇಳ್ರಿ. ಈ ನೌಕರಿಯೊಳಗ ನಮಗ ಮಾಡಾಕ ಏನರೆ ಐತೇನ್ರಿ?" ನಾನು ನಕ್ಕುಬಿಟ್ಟೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರವಲ್ಲ ಅದು. ಅವರು ಹೋದ ಮೇಲೆ ಬರೆಯಲು ಕೂತೆ.

ಡ್ರಾಯಿಂಗ್ ಮಾಸ್ತರ ಎಂದರೆ ಶಾಲೆಯಲ್ಲಿ ಎಲ್ಲ ಕೆಲಸಕ್ಕೂ ಬೇಕಾದವನು, ಪಾಠಕ್ಕೆ ಮಾತ್ರ ಬೇಡವಾದವನು. ನನ್ನ ಮೊದಲ ನೇಮಕ ರಾಮದುರ್ಗದಲ್ಲಿ. ಶಾಲೆಯ ಹಿಂದಿನ ಓಣಿಯಲ್ಲಿ ಮಗ್ಗಗಳಿದ್ದವು. ತರಗತಿ ಸುಮ್ಮನಾದ ಕೂಡಲೇ ಅವುಗಳ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಅಲ್ಲಿ ನಾನು ಮಕ್ಕಳಿಗೆ ಕಲಿಸಿದ್ದಕ್ಕಿಂತ ಗೋಡೆ ಬರೆದದ್ದೇ ಹೆಚ್ಚು. ಕಾಂಪೌಂಡಿನ ಮೇಲೆ ಸುಭಾಷಿತ, ಕೋಣೆಗಳ ಮೇಲೆ ತರಗತಿಯ ಹೆಸರು, ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಬಂದರೆ ವೇದಿಕೆಯ ಹಿಂದಿನ ಪರದೆ. ಗಣಿತದ ಮಾಸ್ತರಿಗೆ ಪಾಠ ಉಳಿದಿದ್ದರೆ ನನ್ನ ಪಿರಿಯಡ್ಡು ಅವರಿಗೆ. ನಾನು ರಜೆ ಹಾಕಿದರೆ ಮಕ್ಕಳು ಮೈದಾನಕ್ಕೆ.

ಒಮ್ಮೆ ಗ್ಯಾದರಿಂಗಿಗೆ ಶಾಲಾ ಮಂಡಳಿಯ ಅಧ್ಯಕ್ಷರ ದೊಡ್ಡ ಭಾವಚಿತ್ರ ಬರೆದೆ. ಅಧ್ಯಕ್ಷರು ಬಂದು ನೋಡಿದವರು ಹುಬ್ಬು ಗಂಟಿಕ್ಕಿದರು. "ಇಂವ ನಾ ಅಲ್ಲ. ನಮ್ಮ ಅಣ್ಣ" ಎಂದರು. ಅಣ್ಣ ತಮ್ಮಂದಿರ ನಡುವೆ ಹೊಲದ ವ್ಯಾಜ್ಯವಿದ್ದದ್ದು ನನಗೇನು ಗೊತ್ತು! ಹೆಡ್ ಮಾಸ್ತರು ನನ್ನ ಕಿವಿಯ ಹತ್ತಿರ ಬಂದು, "ಮೀಸಿ ಸಣ್ಣ ಮಾಡ್ರಿ, ಲಗೂನ" ಎಂದರು. ಮೀಸೆ ಸಣ್ಣದಾದ ಮೇಲೆ ಅಧ್ಯಕ್ಷರು ವೇದಿಕೆ ಹತ್ತಲು ಒಪ್ಪಿದರು.

ಕೆಲವು ವರ್ಷ ಕಿತ್ತೂರಿನ ಹತ್ತಿರ ಇದ್ದೆ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ ಬರೆಸುತ್ತಿದ್ದೆ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಅಳತೆ ಹಿಡಿಯುವುದನ್ನು ಕಲಿಸುತ್ತಿದ್ದೆ. ಅಳತೆ ಕಲಿಯುತ್ತಿದ್ದರು, ಆದರೆ ಬಿದ್ದ ಗೋಡೆಗಳನ್ನೆಲ್ಲ ಪೂರ್ತಿ ಕಟ್ಟಿಯೇ ಬರೆಯುತ್ತಿದ್ದರು. "ಕಂಡಂಗ ಬರೀರಿ" ಎಂದರೆ ಒಬ್ಬ ಹುಡುಗಿ, "ಬಿದ್ದದ್ದನ್ನ ಯಾಕ ಬರೀಬೇಕ್ರಿ ಸರ್?" ಎಂದು ಕೇಳಿದಳು.

ಆಮೇಲೆ ಫ್ಲೆಕ್ಸ್ ಬಂತು; ಬೋರ್ಡು ಬರೆಯುವ ಕೆಲಸ ತಪ್ಪಿತು. ಮೊಬೈಲ್ ಬಂತು, ಶಾಲೆಯ ಅಂಗಳದಲ್ಲಿ ದಾಸವಾಳ ಅರಳಿ ನಿಂತಿದ್ದರೂ ಮಕ್ಕಳು ಪರದೆಯೊಳಗಿನ ಗುಲಾಬಿ ನೋಡಿ ಬರೆಯತೊಡಗಿದರು. ಇವೆಲ್ಲ ನಿಮಗೂ ಗೊತ್ತಿರುವ ಸಂಗತಿ. ನಾನು ಹೇಳಬೇಕೆಂದು ಕೂತದ್ದು ಒಂದೇ ಒಂದು ಚಿತ್ರದ ವಿಷಯ. ಅದನ್ನು ಬರೆದವಳು ನನ್ನ ವಿದ್ಯಾರ್ಥಿನಿ ಗಾಯತ್ರಿ.

ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಸಿರಸಂಗಿ ಅಲ್ಲಿಂದ ಹತ್ತಿರ. ನಮ್ಮ ಶಾಲೆಯಿದ್ದ ಊರಿನ ಮೌನೇಶಪ್ಪ ಬಡಿಗೇರರ ಮಗಳು ಗಾಯತ್ರಿ. ಗ್ರಾಮದೇವತೆ ದ್ಯಾಮವ್ವನ ಕಟ್ಟಿಗೆಯ ಮೂರ್ತಿ ಮಾಡುವುದರಲ್ಲಿ ಮೌನೇಶಪ್ಪನವರ ಹೆಸರು ಸುತ್ತಿನ ಊರುಗಳಿಗೆಲ್ಲ ಗೊತ್ತಿತ್ತು. ಸಂಜೆ ಬಸ್ಸು ತಡವಾದರೆ ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತು ಕೆಲಸ ನೋಡುತ್ತಿದ್ದೆ. ಉಳಿ ಹಿಡಿದ ಬಲಗೈ ಮರದ ಮೇಲೆ ಓಡಾಡಿದ ಹಾಗೆ ಒಳಗಿನಿಂದ ಕೆನ್ನೆ ಮೇಲೇಳುತ್ತಿತ್ತು, ತುಟಿ ಬಿಚ್ಚುತ್ತಿತ್ತು. ಅವರು ನನ್ನ ಕಡೆ ನೋಡದೆಯೇ ಮಾತಾಡುತ್ತಿದ್ದರು, ತಮಾಷೆ ಮಾಡುತ್ತಿದ್ದರು. "ಏನ್ರಿ ಮಾಸ್ತರ, ನಿಮ್ಮ ಹಾಳಿ ಮ್ಯಾಲಿನ ಮಾರಿಗೆ ಹಿಂದಲೆ ಇರೂದಿಲ್ಲ ನೋಡ್ರಿ" ಎಂದು ಒಮ್ಮೆ ನಗಿಸಿದ್ದರು. ಬಣ್ಣ ಕಲಸಿಕೊಡುವುದು ಗಾಯತ್ರಿಯ ಕೆಲಸ. ದೇವಿಯ ಮುಖದ ಕೆಂಪು ಎಷ್ಟಿರಬೇಕೆಂದು ಕೇಳದೆಯೇ ಕಲಸುತ್ತಿದ್ದಳು.

ಅವಳು ಹತ್ತನೆಯ ತರಗತಿಗೆ ಬಂದ ವರ್ಷ ಮೌನೇಶಪ್ಪನವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ತೊದಲುತ್ತ ತೊದಲುತ್ತ ಸ್ವಲ್ಪ ಮರಳಿತು, ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾಯಿತು. ಕೈ ಮಾತ್ರ ಮರಳಲಿಲ್ಲ. ಜೀವನವಿಡೀ ದೇವರ ಮುಖ ಕೆತ್ತಿದ ಮನುಷ್ಯ ತನ್ನ ಮುಖವನ್ನು ಯಾರಿಗೂ ತೋರಿಸಲು ಒಪ್ಪಲಿಲ್ಲ. ಪಡಸಾಲೆಯ ಗೋಡೆಯ ಮೇಲಿದ್ದ ಕನ್ನಡಿ ತೆಗೆಸಿದರು. ನಾನು ನೋಡಲು ಹೋದಾಗಲೆಲ್ಲ ಅವರ ಹೆಂಡತಿ ಶಾರದವ್ವ ಬಾಗಿಲಲ್ಲೇ ನಿಂತು, "ಮಲಗ್ಯಾರ್ರಿ ಸರ್" ಎನ್ನುತ್ತಿದ್ದರು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಕೆಲಸವನ್ನೆಲ್ಲ ಮೌನೇಶಪ್ಪನವರ ತಮ್ಮ ಶಂಕ್ರಪ್ಪ ಒಬ್ಬರೇ ನೋಡಿಕೊಳ್ಳಬೇಕಾಯಿತು.

ಗಾಯತ್ರಿ ಶಾಲೆಗೆ ಬರುತ್ತಿದ್ದಳು, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ತಾನಾಗಿ ನನ್ನ ಹತ್ತಿರ ಬಂದಳು.

"ಸರ್, ಒಂದು ದೊಡ್ಡದು ಬರೀಬೇಕಾಗೇತ್ರಿ. ಹಾಳಿ ಸಾಲೂದಿಲ್ಲ."

"ಎಷ್ಟ ದೊಡ್ಡದವ್ವಾ?"

ಅವಳು ಎರಡೂ ಕೈ ಅಗಲಿಸಿ ತೋರಿಸಿದಳು, ಆಮೇಲೆ ಅದೂ ಸಾಲದೆಂಬಂತೆ ಕೈ ಇಳಿಸಿದಳು.

ಹಳೆಯ ಕಾರ್ಯಕ್ರಮದ ಫ್ಲೆಕ್ಸ್ ಒಂದು ಸ್ಟೋರ್ ರೂಮಿನಲ್ಲಿ ಬಿದ್ದಿತ್ತು. ಅದನ್ನು ತಿರುಗಿಸಿ, ಹಿಂಬದಿಗೆ ಬಿಳಿ ಬಣ್ಣ ಬಳಿದು, ಚೌಕಟ್ಟಿಗೆ ಬಿಗಿದುಕೊಟ್ಟೆ. ಬಣ್ಣ ಅವಳೇ ತಂದಳು. ಮನೆಯ ಕಾರ್ಖಾನೆಯಲ್ಲಿ ಉಳಿದಿದ್ದ ಡಬ್ಬಿಗಳು: ದೇವಿಯ ಮುಖಕ್ಕೆ ಹಾಕುವ ಕೆಂಪು, ಕಿರೀಟದ ಹಳದಿ, ಸೀರೆಯ ಹಸಿರು. ಆಟದ ಪಿರಿಯಡ್ಡಿನಲ್ಲಿ, ಶಾಲೆ ಬಿಟ್ಟ ಮೇಲೆ, ಸ್ಟೋರ್ ರೂಮಿನ ಬಾಗಿಲು ಮುಚ್ಚಿಕೊಂಡು ಬರೆದಳು. "ಮುಗಿಯೂ ಮಟ ನೋಡಬ್ಯಾಡ್ರಿ ಸರ್" ಎಂದಿದ್ದಳು. ನಾನು ನೋಡಲಿಲ್ಲ.

ಮುಗಿದ ದಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತಳು.

ಒಬ್ಬ ಮನುಷ್ಯ ಮಣೆಯ ಮೇಲೆ ಕೂತಿದ್ದಾನೆ. ಹಿಂದಿನ ಹಸಿರು ಗೋಡೆ ಅವನ ಮೇಲೆ ಬೀಳುವ ಹಾಗೆ ವಾಲಿದೆ. ಅವನ ಎಡ ಅರ್ಧ ಕೆತ್ತಿದ ಕಂಬದಂತೆ ನೆಟ್ಟಗೆ; ಬಲ ಅರ್ಧ ಕಾದ ಮೇಣದ ಹಾಗೆ ಕೆಳಗೆ ಜಾರುತ್ತಿದೆ. ಬಾಯಿ ಕಿವಿಯ ತನಕ ಎಳೆದಿದೆ. ಒಂದು ಕಣ್ಣು ದ್ಯಾಮವ್ವನ ಬಟ್ಟಲುಗಣ್ಣು, ಇನ್ನೊಂದು ಮುಚ್ಚಲೂ ಆಗದೆ ತೆರೆಯಲೂ ಆಗದೆ ಸಿಕ್ಕಿಕೊಂಡಿದೆ. ಹೆಗಲಿನಿಂದ ಹೊರಟ ಬಲಗೈ ಇಳಿಯುತ್ತ ಇಳಿಯುತ್ತ ದಪ್ಪಗಾಗಿ, ತೊಡೆಯನ್ನು ಮುಚ್ಚಿ, ಕಾಲುಗಳನ್ನು ಮರೆಮಾಡಿ, ಕಡಿದು ಕೆಡವಿದ ಬೇವಿನ ಬೊಡ್ಡೆಯ ಹಾಗೆ ಚಿತ್ರದ ಕೆಳ ಅಂಚಿನ ಹೊರಗೂ ಹೋಗಿದೆ. ಬೆರಳುಗಳೆಲ್ಲ ಕೆಂಪು. ಆ ಬೊಡ್ಡೆಯಂಥ ಕೈಯನ್ನು ಅವನದೇ ಪುಟ್ಟ ಎಡಗೈ, ಕೂಸಿನ ಕೈಯಷ್ಟು ಪುಟ್ಟದು, ಅಡಿಯಿಂದ ಹಿಡಿದು ಎತ್ತಲು ನೋಡುತ್ತಿದೆ.

ನಾನು ಕಾಲೇಜಿನಲ್ಲಿದ್ದಾಗ ಗ್ರಂಥಾಲಯದ ದಪ್ಪ ಪುಸ್ತಕಗಳಲ್ಲಿ ಪರದೇಶದ ಇಂಥ ಚಿತ್ರಗಳನ್ನು ಕಂಡಿದ್ದೆ. ಮೈ ಸೊಟ್ಟ, ಮುಖ ಹಸಿರು, ಬಾಯಿ ಬಾವಿಯಷ್ಟು. ಒಳಗಿನ ಸಂಕಟಕ್ಕೆ ತಕ್ಕಂತೆ ಹೊರಗಿನ ರೂಪವನ್ನು ಬಗ್ಗಿಸುವ ಈ ರೀತಿಗೆ ಅಭಿವ್ಯಕ್ತಿವಾದ ಎನ್ನುತ್ತಾರೆಂದು ನಮ್ಮ ಗುರುಗಳು ಬರೆಸಿದ್ದರು. ನಾನು ಅದನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಗಾಯತ್ರಿ ಅಂಥ ಪುಸ್ತಕ ಕಂಡವಳಲ್ಲ. ಅವಳು ಕಂಡದ್ದು ಅಪ್ಪನನ್ನು. ಅಂಥ ಕೆಲಸ ನನ್ನ ಕೈಯಿಂದ ಎಂದೂ ಆಗಿರಲಿಲ್ಲ, ಆಗುವುದೂ ಇಲ್ಲ ಎಂದು ಅಲ್ಲೇ ಗೊತ್ತಾಯಿತು. ಹೊಟ್ಟೆಕಿಚ್ಚಾಗಲಿಲ್ಲ. ದೊಡ್ಡ ಗಾಯಕರ ಮುಂದೆ ಕೂತಾಗ ಆಗುವಂಥ ಸಂತೋಷವಾಯಿತು.

"ಸರ್, ತಪ್ಪಾಗೇತೇನ್ರಿ?" ಎಂದಳು.

"ಇಲ್ಲವ್ವಾ. ಒಂದ ಗೆರಿ ಸುದ್ದಾ ಮುಟ್ಟಬ್ಯಾಡ."

ಆ ವಾರ ಶಾಲೆಯ ವಸ್ತುಪ್ರದರ್ಶನವಿತ್ತು. ಅವಳನ್ನು ಕೇಳಿ, ಒಪ್ಪಿಗೆ ಪಡೆದು, ಚಿತ್ರವನ್ನು ದೊಡ್ಡ ಕೋಣೆಯ ಎದುರು ಗೋಡೆಗೆ ತೂಗುಹಾಕಿದೆ. ಬಹುಮಾನ ಆರಿಸಲು ಬೇರೆ ಊರಿನಿಂದ ಬಂದಿದ್ದ ಶಿಕ್ಷಕರು, "ಕೈ ನೋಡ್ರಿ ಸರ್, ಕಾಲಿಗಿಂತ ದೊಡ್ಡದೈತಿ. ಅಳತಿ ಕಲಿಸಿಲ್ಲೇನ್ರಿ?" ಎಂದು ಮುಂದೆ ಹೋದರು. ಬಹುಮಾನ ನವಿಲಿನ ಚಿತ್ರವೊಂದಕ್ಕೆ ಹೋಯಿತು. ಹೋಗಲಿ ಬಿಡಿ. ಕಷ್ಟ ಬಂದದ್ದು ಬೇರೆ ಕಡೆಯಿಂದ. ಯಾರೋ ಚಿತ್ರದ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಹಾಕಿದರು. ಸಂಜೆಯೊಳಗೆ ಊರಿನ ಮೊಬೈಲುಗಳಲ್ಲೆಲ್ಲ ಅದೇ ಚಿತ್ರ, ಕೆಳಗೆ ಒಬ್ಬೊಬ್ಬರದು ಒಂದೊಂದು ನಗೆಯ ಮಾತು.

ಮರುದಿನ ಬೆಳಿಗ್ಗೆ ಶಂಕ್ರಪ್ಪ ಶಾಲೆಗೆ ಬಂದರು. ಮೈಮೇಲೆ ಕಟ್ಟಿಗೆಯ ಪುಡಿ ಇನ್ನೂ ಇತ್ತು. ಚಿತ್ರ ನೋಡಿ ನನ್ನ ಕಡೆ ತಿರುಗಿದರು.

"ಏನ್ರಿ ಮಾಸ್ತರ, ನಮ್ಮ ಅಣ್ಣ ಸತ್ತಾನಂತ ತಿಳದೀರೇನ? ಆತನ ಮಾರಿ ಹಿಂಗ ಊರಾಗ ತೂಗ ಹಾಕಿ ನಗಸಾಕ ಹತ್ತೀರಿ. ನಾವು ಮೂರ್ತಿ ಮಾಡೂ ಮಂದಿ. ಒಂದ ಬೆರಳ ಮುರದ್ರ ಅದು ಭಿನ್ನ ಆತು, ಹೊಳಿಗೆ ಬಿಡತೇವಿ. ಇಂಥಾದ್ದನ್ನ ನಮ್ಮ ಮನಿ ಹುಡುಗಿ ಬರದಾಳಂದ್ರ ನಮ್ಮ ಕೈಯಿಂದ ದೇವಿ ಮಾಡಸವ್ರು ಯಾರು?"

ಅದೂ ಸುಳ್ಳಲ್ಲ. ಪಕ್ಕದ ಊರಿನ ಹಿರಿಯರು ಹೊಸ ದ್ಯಾಮವ್ವನನ್ನು ಮಾಡಿಸಬೇಕೆಂದು ಮಾತಾಡಿ ಹೋಗಿದ್ದರು. ಫೋಟೋ ನೋಡಿ ಅವರಿಂದ ಫೋನು ಬಂದಿತ್ತಂತೆ. "ಇದನ್ನ ಕೊಡ್ರಿ, ಇವತ್ತ ಮಲಪ್ರಭಾಕ್ಕ ಬಿಟ್ಟ ಬರತೇನಿ. ಹುಡುಗಿ ನಾಳಿಂದ ಸಾಲಿಗೆ ಬರೂದಿಲ್ಲ" ಎಂದು ಶಂಕ್ರಪ್ಪ ಚೌಕಟ್ಟಿಗೆ ಕೈ ಹಾಕಿದರು. ಗಾಯತ್ರಿ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

ಆಗ ನಮ್ಮ ಮುಖ್ಯೋಪಾಧ್ಯಾಯಿನಿ ಹಿರೇಮಠ ಬಾಯಾರು ಬಂದರು. ಗಣಿತದವರು, ಬಹಳ ಶಿಸ್ತಿನವರು. ನಾನು ಎಷ್ಟೋ ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದ್ದೇನೆ. ಪೇಚು ಬಂದಾಗ ಅವರಲ್ಲಿ ಅನೇಕರು ಶಿಕ್ಷಕನನ್ನು ಮುಂದೆ ತಳ್ಳಿ ಹಿಂದೆ ಸರಿದದ್ದನ್ನೂ ಕಂಡಿದ್ದೇನೆ. ಬಾಯಾರು ನೇರವಾಗಿ ಬಂದು ಶಂಕ್ರಪ್ಪನವರ ಮತ್ತು ಚಿತ್ರದ ನಡುವೆ ನಿಂತರು.

"ಶಂಕ್ರಪ್ಪನವರ, ಕುಂದರ್ರಿ ಮೊದ್ಲ. ನನಗ ಚಿತ್ರ ತಿಳಿಯೂದಿಲ್ಲ, ನಾ ಲೆಕ್ಕದಾಕಿ. ಆದ್ರ ಇದನ್ನ ನೋಡಿದಾಗಿಂದ ನಿಮ್ಮ ಅಣ್ಣಾರು ನನ್ನ ಕಣ್ಣ ಮುಂದಿಂದ ಹೋಗವಲ್ರು. ನೀವು ಅಂತೀರಿ ಅವರ ಮರ್ಯಾದಿ ಹೋತಂತ. ಅವರು ಅಂದಾರೇನು?"

"ಆತಗ ತೋರಸಿಲ್ರಿ. ತೋರಸಿದ್ರ ಎದಿ ಒಡಕೊಂತಾನ."

"ಹಂಗಾರ ಮಾರಿ ಯಾರದೈತ್ಯೋ ಅವರನ್ನ ಕೇಳೂಣು. ಅವರು ಬ್ಯಾಡ ಅಂದ್ರ ನಾನ ಹೊಳಿತನಕ ಬರತೇನಿ. ಅವರು ಅನ್ನೂ ಮಟ ಯಾರೂ ಇದನ್ನ ಮುಟ್ಟಬ್ಯಾಡ್ರಿ."

ಆಮೇಲೆ ಗಾಯತ್ರಿಯ ಕಡೆ ತಿರುಗಿ, "ನೀ ಏನಂತೀ? ಅಪ್ಪಾಗ ತೋರಸಾಕ ಧೈರ್ಯ ಐತೇನು?" ಎಂದರು.

"ಅಪ್ಪಾಗ ತೋರಸಾಕ ಬರದದ್ದ್ರಿ" ಎಂದಳು ಗಾಯತ್ರಿ. "ಮೊದ್ಲ ಅವಗ ತೋರಸಬೇಕಿತ್ತು. ಹೆದರಿಕಿ ಬಂತು."

ಚಿತ್ರವನ್ನು ಧೋತರದಲ್ಲಿ ಸುತ್ತಿ ನಾನು ಒಂದು ತುದಿ, ಶಂಕ್ರಪ್ಪ ಒಂದು ತುದಿ ಹಿಡಿದೆವು. ಶಂಕ್ರಪ್ಪ ಬೈಯುತ್ತಲೇ ಇದ್ದರು, ಆದರೆ ಓಣಿಯ ತಿರುವಿನಲ್ಲಿ ಅದು ಗೋಡೆಗೆ ತಾಗದಂತೆ ಅವರೇ ಜೋಪಾನ ಮಾಡಿದರು. ಬಾಯಾರು ಮುಂದೆ, ಗಾಯತ್ರಿ ಹಿಂದೆ. ದಾರಿಯುದ್ದಕ್ಕೂ ಕಟ್ಟೆಗಳ ಮೇಲಿದ್ದವರು ಎದ್ದು ನಿಂತು ನೋಡಿದರು.

ಆ ದಿನ ಶಾರದವ್ವ "ಮಲಗ್ಯಾರ" ಎನ್ನಲಿಲ್ಲ. ಮೌನೇಶಪ್ಪ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ನನ್ನ ಧ್ವನಿ ಕೇಳಿ ಟವಲಿನಿಂದ ಬಾಯಿ ಮುಚ್ಚಿಕೊಂಡರು. ಬಾಯಾರು ನೆಲದ ಮೇಲೆ ಕೂತು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಮಗಳು ನಿಮ್ಮನ್ನು ಬರೆದಿದ್ದಾಳೆ, ಊರವರು ನಕ್ಕಿದ್ದಾರೆ, ತಮ್ಮ ಹೊಳೆಗೆ ಬಿಡೋಣ ಎನ್ನುತ್ತಿದ್ದಾನೆ, ನೀವು ನೋಡಿ ಹೇಳಬೇಕು. ಮೌನೇಶಪ್ಪ ಮೆಲ್ಲಗೆ ನಮ್ಮ ಕಡೆ ಹೊರಳಿದರು. ಎಡಗೈಯಿಂದ "ತೆಗೆಯಿರಿ" ಎಂದು ಸನ್ನೆ ಮಾಡಿದರು.

ಧೋತರ ಸರಿಸಿದೆ. ಶಂಕ್ರಪ್ಪ ಬೇರೆ ಕಡೆ ನೋಡಿದರು.

ಮೌನೇಶಪ್ಪ ಮೊದಲು ಮುಖ ನೋಡಿದರು. ಆಮೇಲೆ ಕಣ್ಣು ಹೆಗಲಿಗೆ ಇಳಿಯಿತು, ಹೆಗಲಿನಿಂದ ಕೈಗೆ, ಕೈಯ ಉದ್ದಕ್ಕೂ ಆ ಕೆಂಪು ಬೆರಳುಗಳ ತನಕ. ಅಲ್ಲಿ ನಿಂತಿತು. ಬಾಯಿಯ ಮೇಲಿನ ಟವಲು ಜಾರಿ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗೂ ತಿಳಿಯಿತು.

"ಗಾಯತ್ರಿ, ಇದು ಇಷ್ಟ ದೊಡ್ಡದ ಆಗೇತಿ ಅಂತ ನಿನಗ ಹೆಂಗ ಗೊತ್ತಾತು? ನಾ ಯಾರ ಮುಂದೂ ಅಂದಿಲ್ಲ."

"ನೀ ಮಗ್ಗಲ ಹೊರಳೂ ಮುಂದ ನೋಡೀನಪ್ಪಾ. ಎಡಗೈಲೆ ಅದನ್ನ ಎತ್ತಿ ಈ ಕಡೆ ಇಟಗೊಂತೀ. ನೀರ ತುಂಬಿದ ಕೊಡ ಎತ್ತಿಟ್ಟಂಗ. ಎತ್ತಿದ ಮ್ಯಾಲೆ ಉಸರ ಬಿಡತೀ."

ಮೌನೇಶಪ್ಪ ಅತ್ತರು. ಲಕ್ವಾ ಹೊಡೆದ ಬಾಯಿ ಅಳುವಾಗ ಇನ್ನಷ್ಟು ಸೊಟ್ಟಾಗುತ್ತದೆ; ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ. "ಡಾಕ್ಟರ ಅಂತಾರ, ಕೈಗೆ ಸ್ಪರ್ಶ ಇಲ್ಲಂತ. ಸ್ಪರ್ಶ ಇಲ್ಲಂದ್ರ ಭಾರ ಇಲ್ಲಂತ ತಿಳಕೊಂಡಾರ ಎಲ್ಲಾರೂ. ಹಗಲೆಲ್ಲಾ ಒಂದು ತೊಲಿ ಹೊತಗೊಂಡ ಕುಂತಂಗ ಐತಿ" ಎಂದರು. ಶಾರದವ್ವ ಬಾಗಿಲ ಹಿಂದಿನಿಂದ ಬಂದು ಗಂಡನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಮ್ಮೆದುರು ಅವರು ಗಂಡನ ಪಕ್ಕದಲ್ಲಿ ಕೂತದ್ದು ಅದೇ ಮೊದಲು.

ಶಂಕ್ರಪ್ಪ ಮೆಲ್ಲಗೆ ಹೇಳಿದರು: "ಅಣ್ಣಾ, ಮಂದಿ ಭಿನ್ನ ಅಂತಾರೋ."

"ದೇವಿ ಭಿನ್ನ ಆಗಬಾರದು, ಶಂಕ್ರ. ಮನಷ್ಯಾ ಆಗತಾನ" ಎಂದರು ಮೌನೇಶಪ್ಪ. "ನಕ್ಕವರಿಗೆ ಹೇಳು, ಮನಿಗೆ ಬಂದು ನನ್ನ ಮುಂದ ಕುಂತ ನೋಡ್ರಿ ಅಂತ." ಕನ್ನಡಿ ತೆಗೆದಿದ್ದ ಜಾಗ ತೋರಿಸಿ, ಅಲ್ಲಿ ಹಾಕಿ ಎಂದರು. ಮೊಳೆ ಹೊಡೆದವರು ಶಂಕ್ರಪ್ಪನವರೇ.

ಪಕ್ಕದ ಊರಿನ ಹಿರಿಯರು ಬಂದಾಗ ಮೌನೇಶಪ್ಪ ಅದೇ ಪಡಸಾಲೆಯಲ್ಲಿ, ಅದೇ ಚಿತ್ರದ ಕೆಳಗೆ, ಮುಖ ಮುಚ್ಚಿಕೊಳ್ಳದೆ ಕೂತಿದ್ದರಂತೆ. ಹಿರಿಯರು ಚಿತ್ರ ನೋಡಿದರು, ಅವರನ್ನು ನೋಡಿದರು. ಒಬ್ಬ ಅಜ್ಜ ಮಾತ್ರ, ದೇವಿ ಮಾಡುವ ಕೋಣೆಯಲ್ಲಿ ಇದು ಇರಬಾರದು ಎಂದ. "ಇರೂದಿಲ್ಲ, ಇದರ ಜಾಗಾ ಇದು" ಎಂದರು ಮೌನೇಶಪ್ಪ. ಮಾತು ಮುಗಿಯಿತು. ದೇವಿಯನ್ನು ಶಂಕ್ರಪ್ಪ ಕೆತ್ತಿದರು; ಅಣ್ಣ ಕೋಲು ಊರಿಕೊಂಡು ಎದುರು ಕೂತು ಎಲ್ಲಿ ಎಷ್ಟು ತೆಗೆಯಬೇಕೆಂದು ಹೇಳಿದರು; ಮುಖದ ಬಣ್ಣ ಗಾಯತ್ರಿಯದು. ಆ ದ್ಯಾಮವ್ವನನ್ನು ನಾನು ನೋಡಿದ್ದೇನೆ. ಒಂದು ಕೂದಲೆಳೆಯಷ್ಟೂ ಸೊಟ್ಟಿಲ್ಲ.

ಈಗ ಗಾಯತ್ರಿ ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ರಜೆಗೆ ಬಂದಾಗ ಕಾಕಾ ಶಂಕ್ರಪ್ಪನ ಜೊತೆ ಕೆಲಸಕ್ಕೆ ಕೂರುತ್ತಾಳೆ. ಮೌನೇಶಪ್ಪ ಸಂಜೆ ಕಟ್ಟೆಯ ಮೇಲೆ ಕೂರುತ್ತಾರೆ, ಹೋಗಿ ಬರುವವರನ್ನು ಕರೆದು ತಮಾಷೆ ಮಾಡುತ್ತಾರೆ. ಕೈ ಹಾಗೆಯೇ ಇದೆ. ಹಿರೇಮಠ ಬಾಯಾರು ನನಗಿಂತ ಮೊದಲೇ ನಿವೃತ್ತರಾದರು. ಈಗಲೂ ಫೋನು ಮಾಡಿದರೆ ತಮಗೆ ಚಿತ್ರ ತಿಳಿಯುವುದಿಲ್ಲವೆಂದೇ ಹೇಳುತ್ತಾರೆ. ನಾನು ವಾದ ಮಾಡುವುದಿಲ್ಲ.

ಕಳೆದ ಶ್ರಾವಣದಲ್ಲಿ ನಾನು ಮೌನೇಶಪ್ಪನವರ ಮನೆಗೆ ಹೋಗಿದ್ದೆ. ಮಾತಾಡುತ್ತ ಕೂತಿದ್ದಾಗ ಮನೋಳಿಯಿಂದ ಬಸ್ಸಿನಲ್ಲಿ ಬಂದ ಒಬ್ಬ ಹೆಂಗಸು ಹೊಸ್ತಿಲ ಹೊರಗೆ ನಿಂತಳು. ನಡುವಯಸ್ಸಿನ ರೈತರ ಮನೆಯವಳು. ಚಿತ್ರದ ಫೋಟೋ ಯಾರದೋ ಮೊಬೈಲಿನಲ್ಲಿ ನೋಡಿ, ಕೇಳಿಕೊಂಡು ಬಂದಿದ್ದಳು. ಒಳಗೆ ಬಂದವಳು ಕೂರಲಿಲ್ಲ. ಚಿತ್ರದ ಹತ್ತಿರ ಹೋಗಿ, ತಲೆ ಎತ್ತಿ, ನೋಡುತ್ತಲೇ ಇದ್ದಳು. ಆಮೇಲೆ ಮೌನೇಶಪ್ಪನವರ ಕಡೆ ತಿರುಗಿದಳು.

"ಅಣ್ಣಾರ, ಖರೇನ ಇಷ್ಟ ಭಾರ ಇರತೈತೇನ್ರಿ?"

"ಇದಕ್ಕಿಂತಾ ಭಾರ, ತಂಗಿ."

"ನಮ್ಮ ಮನಿಯವರಿಗೂ ಲಕ್ವಾ ಹೊಡದೈತ್ರಿ, ಮಾತು ಪೂರಾ ಹೋಗೇತ್ರಿ. ಕಣ್ಣೀರ ಹಾಕತಾರ, ಯಾಕಂತ ನನಗ ತಿಳಿಯೂದ ಇಲ್ರಿ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟೇಬಿಟ್ಟಳು.

ಶಾರದವ್ವ ಒಳಗಿನಿಂದ, "ಯವ್ವಾ, ಚಾ ಇಟ್ಟೇನಿ. ಎಷ್ಟ ದೂರಿಂದ ಬಂದೀ, ಕುಂದರು" ಎಂದು ಕೂಗಿದರು.

"ಬ್ಯಾಡ್ರಿ ಅಕ್ಕಾರ. ನಾ ಬರೂ ಮುಂದ ಅವರ ಕೈ ಮಂಚದ ಕೆಳಗ ಜೋತಬಿದ್ದಿತ್ತು. ಹಂಗ ಬಿಟ್ಟ ಬಂದೀನಿ."

ಅಷ್ಟು ಹೇಳಿ ಅವಳು ಬಸ್ಸು ನಿಲ್ಲುವ ಕಡೆಗೆ ಓಡುತ್ತಲೇ ಹೋದಳು.